ಮೈನಸ್ 196 ಡಿಗ್ರಿಯ ಕೂಡುಕುಟುಂಬ

2024ರ ಬೇಸಿಗೆಯಲ್ಲಿ ದ್ರವ ಸಾರಜನಕ ಕರ್ನಾಟಕದ ಮನೆಮಾತಾಯಿತು, ಅದೂ ಕೆಟ್ಟ ಹೆಸರು ಹೊತ್ತುಕೊಂಡು. ದಾವಣಗೆರೆಯಲ್ಲಿ ಸ್ಮೋಕ್ ಬಿಸ್ಕತ್ತು ತಿಂದ ಹುಡುಗ ಒದ್ದಾಡುವ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ಹೊಗೆಯಾಡುವ ಪಾನ್ ಬಾಯಿಗಿಟ್ಟ 12 ವರ್ಷದ ಹುಡುಗಿಯ ಜಠರಕ್ಕೆ ತೂತು ಬಿದ್ದು ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತಿಂಡಿ ತಿನಿಸುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಈ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಬಿತ್ತು. ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ಈ ಪದಾರ್ಥ ಜಾತ್ರೆಯ ಗಾಡಿಯವನಿಗೆ ಸಿಕ್ಕಿದ್ದಾದರೂ ಎಲ್ಲಿ?

ಸಿಗುವುದು ಕಷ್ಟವೇ ಅಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಗಾಳಿಯನ್ನು ಒತ್ತಿ, ತಣಿಸಿ, ದ್ರವ ಮಾಡಿ, ಎತ್ತರದ ಗೋಪುರದಲ್ಲಿ ಬಟ್ಟಿ ಇಳಿಸಿದರೆ ಆಯಿತು. ಆಮ್ಲಜನಕದ ಕುದಿಬಿಂದು ಮೈನಸ್ 183, ಆರ್ಗಾನ್‌ದು ಮೈನಸ್ 186, ಸಾರಜನಕದ್ದು ಮೈನಸ್ 196. ಈ ಅಂತರದಿಂದಲೇ ಮೂರೂ ಬೇರೆಯಾಗುತ್ತವೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಕುಲುಮೆಗೆ ಬೇಕಾದ ಆಮ್ಲಜನಕಕ್ಕಾಗಿ ಇಂಥ ಘಟಕಗಳಿವೆ. 2021ರ ಕೋವಿಡ್ ಅಲೆಯಲ್ಲಿ ಆಸ್ಪತ್ರೆಗಳಿಗೆ ಟ್ಯಾಂಕರ್‌ಗಳು ಹೊರಟದ್ದು ಇಂಥ ಕಡೆಗಳಿಂದಲೇ. ಸಾರಜನಕ ಅಲ್ಲಿ ಜೊತೆಗೇ ಇಳಿಯುವ ಸರಕು. ಹೆಸರಘಟ್ಟದ ವೀರ್ಯ ಸಂಗ್ರಹ ಕೇಂದ್ರಗಳಿಂದ ಹಿಡಿದು ಹಳ್ಳಿಯ ಪಶು ಆಸ್ಪತ್ರೆಯವರೆಗೆ, ಹೋರಿಯ ವೀರ್ಯ ತುಂಬಿದ ತೆಳ್ಳನೆಯ ಕಡ್ಡಿಗಳು ಇದರಲ್ಲೇ ಮುಳುಗಿರುತ್ತವೆ. ಕ್ರಯೋಜೆನಿಕ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇಸ್ರೊದ ರಾಕೆಟ್ ಎಂಜಿನ್. ಆದರೆ ಬೈಕಿನ ಹಿಂದೆ ಅಲ್ಯೂಮಿನಿಯಂ ಕ್ಯಾನ್ ಕಟ್ಟಿಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ಕೃತಕ ಗರ್ಭಧಾರಣೆಯ ಕಾರ್ಯಕರ್ತನೇ ಈ ನಾಡಿನ ನಿಜವಾದ ಕ್ರಯೋಜೆನಿಕ್ ನೌಕರ ಎಂದು ನನ್ನ ಅಭಿಪ್ರಾಯ. ಆ ಕ್ಯಾನ್ ಅವನ ಸುಪರ್ದಿನದು. ಮುಚ್ಚಳ ಸಡಿಲವಾದರೆ, ದ್ರವ ಕಡಿಮೆಯಾದರೆ ಮೊದಲು ತಿಳಿಯುವುದು ಅವನಿಗೆ.

ಸಂಶೋಧನಾ ಪ್ರಯೋಗಾಲಯದ ಕಥೆ ಹಾಗಿಲ್ಲ.

ಬೆಂಗಳೂರಿನ ಯಾವುದೇ ದೊಡ್ಡ ವಿಜ್ಞಾನ ಸಂಸ್ಥೆಯನ್ನು ನೋಡಿ. ಜೀವವಿಜ್ಞಾನದವರಿಗೆ ಜೀವಕೋಶಗಳನ್ನು ವರ್ಷಗಟ್ಟಲೆ ಮಲಗಿಸಿಡಲು ದ್ರವ ಸಾರಜನಕ ಬೇಕು. ರಸಾಯನವಿಜ್ಞಾನದವರಿಗೆ ನಿರ್ವಾತ ಪಂಪಿಗೆ ದ್ರಾವಕದ ಆವಿ ಹೋಗದಂತೆ ತಡೆಯಲು ಬೇಕು. ಭೌತವಿಜ್ಞಾನದವರಿಗೆ ಅತಿವಾಹಕಗಳನ್ನು ಅಳೆಯಲು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು. ಅಣುಗಳ ರಚನೆ ಓದುವ ಎನ್‌ಎಂಆರ್ ಯಂತ್ರದ ಕಾಂತಕ್ಕೆ ಎರಡೂ ಬೇಕು: ವಾರ ಹತ್ತು ದಿನಕ್ಕೊಮ್ಮೆ ಸಾರಜನಕ, ಕೆಲವು ತಿಂಗಳಿಗೊಮ್ಮೆ ಹೀಲಿಯಂ. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಸ್ಥೆಗಳ ನಡುವೆ ಇರುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಸಿದ್ಧಮಾಡುವಾಗ, ಸಾರಜನಕದಿಂದ ತಣಿಸಿದ ದ್ರವ ಈಥೇನ್‌ನಲ್ಲಿ ಕಣ್ಣುರೆಪ್ಪೆ ಬಡಿಯುವುದರೊಳಗೆ ಅದ್ದಬೇಕು. ನೇರವಾಗಿ ಸಾರಜನಕದಲ್ಲೇ ಅದ್ದಿದರೆ ಮಾದರಿಯ ಸುತ್ತ ಆವಿಯ ಪೊರೆ ಕಟ್ಟಿಕೊಂಡು ತಣಿಯುವುದು ತಡವಾಗುತ್ತದೆ, ನೀರು ಹರಳುಗಟ್ಟಿ ಪ್ರೋಟೀನಿನ ರೂಪ ಕೆಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಕ್ರಯೋಜೆನಿಕ್ ತಂತ್ರಜ್ಞಾನ ಕೇಂದ್ರವಿದೆ. ದ್ರವ ಸಾರಜನಕ, ದ್ರವ ಹೀಲಿಯಂ ಎರಡೂ ವಿಭಾಗಗಳಿಗೆ ಹೋಗುವುದು ಅಲ್ಲಿಂದ. ಇಂಥ ಅನುಕೂಲ ಇಲ್ಲದ ಕಡೆ ಕಟ್ಟಡದ ಹೊರಗೆ ದೊಡ್ಡ ಬಿಳಿ ಟ್ಯಾಂಕ್ ನಿಂತಿರುತ್ತದೆ, ಅದಕ್ಕೆ ಟ್ಯಾಂಕರ್ ಬಂದು ತುಂಬಿಸಿ ಹೋಗುತ್ತದೆ. ಇನ್ನೂ ಚಿಕ್ಕ ಕಾಲೇಜಾದರೆ ಗ್ಯಾಸ್ ಏಜೆನ್ಸಿಯ ಗೂಡ್ಸ್ ಆಟೊ.

ತರಿಸಿಕೊಳ್ಳುವ ವಿಧಾನದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಇಂಡೆಂಟ್ ಚೀಟಿ, ಗೈಡ್ ಸಹಿ, ಯಾವ ಪ್ರಾಜೆಕ್ಟಿನ ಲೆಕ್ಕಕ್ಕೆ ಎಂಬ ಸಂಖ್ಯೆ. ಡ್ಯೂಯರ್ ಎಂದು ಎಲ್ಲರೂ ಕರೆಯುವ ನಿರ್ವಾತ ಗೋಡೆಯ ಪಾತ್ರೆಯನ್ನು ತಳ್ಳುಗಾಡಿಯಲ್ಲಿಟ್ಟು ಒಯ್ದು, ತುಂಬಿಸಿಕೊಂಡು ಬರುವುದು. ಬೆಚ್ಚಗಿನ ಖಾಲಿ ಡ್ಯೂಯರ್‌ಗೆ ಒಮ್ಮೆಗೇ ಸುರಿದರೆ ಅರ್ಧ ಹಾರಿಹೋಗುತ್ತದೆ. ಮೊದಲು ಸ್ವಲ್ಪ ಹಾಕಿ, ಒಳಗೋಡೆ ತಣಿಯುವವರೆಗೆ ಕಾದು, ಆಮೇಲೆ ತುಂಬಬೇಕು. ಹೊಸ ವಿದ್ಯಾರ್ಥಿಗೆ ಇದನ್ನು ಕಲಿಸುವವನು ಸೀನಿಯರ್. ಅವನಿಗೆ ಕಲಿಸಿದ್ದು ಅವನ ಸೀನಿಯರ್. ತಪ್ಪೂ ಸರಿಯೂ ಹೀಗೇ ಒಟ್ಟಿಗೆ ಕೆಳಗಿಳಿಯುತ್ತವೆ.

ಹಂಚಿಕೊಂಡ ಪ್ರಯೋಗಾಲಯವೆಂದರೆ ದೊಡ್ಡ ಕೂಡುಕುಟುಂಬದ ಅಡುಗೆಮನೆ. ಒಲೆ ಎಲ್ಲರದು, ಹಾಲು ಉಕ್ಕಿದಾಗ ಮಾತ್ರ ಯಾರದೂ ಅಲ್ಲ. ನಾಲ್ಕು ಗುಂಪುಗಳು ಬಳಸುವ ಒಂದು ಡ್ಯೂಯರ್ ಇದ್ದರೆ, ನನಗಿಂತ ಮೊದಲು ಅದನ್ನು ಮುಟ್ಟಿದವರು ಯಾರು, ಏನು ಮಾಡಿಟ್ಟು ಹೋದರು ಎಂಬುದು ನನಗೆ ಗೊತ್ತಿರುವುದಿಲ್ಲ. ಪಿಎಚ್‌ಡಿ ಮುಗಿಸಿ ವಿದೇಶಕ್ಕೆ ಹೋದವರೂ ಅವರಲ್ಲಿ ಇರಬಹುದು. ಕ್ರಯೋಜೆನಿಕ್ ಅಪಘಾತಗಳ ವರದಿಗಳನ್ನು ಓದುತ್ತ ಹೋದರೆ ಚಳಿಗಿಂತ ಹೆಚ್ಚಾಗಿ ಈ ಅಪರಿಚಿತನೇ ಎದುರಾಗುತ್ತಾನೆ.

ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ್ದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಪ್ರಕರಣ. 2006ರ ಜನವರಿ 12ರ ನಸುಕು, ಸುಮಾರು ಮೂರು ಗಂಟೆ. ರಸಾಯನವಿಜ್ಞಾನ ಕಟ್ಟಡದ ಪ್ರಯೋಗಾಲಯದಲ್ಲಿ ನಿಂತಿದ್ದ ದ್ರವ ಸಾರಜನಕದ ಸಿಲಿಂಡರಿನ ತಳ ಕಿತ್ತುಬಂತು. ಸಿಲಿಂಡರ್ ರಾಕೆಟ್ಟಿನಂತೆ ಮೇಲೆದ್ದು ಕಾಂಕ್ರೀಟ್ ಚಾವಣಿಯನ್ನು ತೂರಿ ಮೇಲಿನ ಯಂತ್ರಕೋಣೆ ಸೇರಿತು. ನೆಲದ ಹೆಂಚುಗಳು ಎದ್ದುಹೋದವು, ಗೋಡೆಗಳು ಸರಿದವು. ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲವಾದ್ದರಿಂದ ಜೀವಹಾನಿ ಆಗಲಿಲ್ಲ. ತನಿಖೆಗೆ ಹೋದವರಿಗೆ ಕಂಡದ್ದು: ಒತ್ತಡ ಮಿತಿಮೀರಿದರೆ ಅನಿಲ ಹೊರಬಿಡಲೆಂದು ಇಟ್ಟಿದ್ದ ಎರಡು ಸಾಧನಗಳು, ಅಂದರೆ ಸ್ಪ್ರಿಂಗ್ ಕವಾಟ ಮತ್ತು ಒಡೆಯುವ ತಗಡು, ಎರಡೂ ಜಾಗದಲ್ಲಿರಲಿಲ್ಲ. ಹಿಂದೆಂದೋ ಯಾರೋ ಅವನ್ನು ಬಿಚ್ಚಿ ಹಿತ್ತಾಳೆಯ ಬಿರಟೆಗಳನ್ನು ತಿರುಗಿಸಿ ಕೂರಿಸಿದ್ದರು.

ಯಾಕೆ ಹಾಗೆ ಮಾಡಿದರೋ. ಆದರೆ ಆ ಬುದ್ಧಿ ಎಲ್ಲಿಂದ ಬರುತ್ತದೆಂದು ಊಹಿಸುವುದು ಕಷ್ಟವಲ್ಲ. ದ್ರವ ಸಾರಜನಕದ ಪಾತ್ರೆ ಎಂದೂ ಸುಮ್ಮನಿರುವುದಿಲ್ಲ. ಎಷ್ಟೇ ಒಳ್ಳೆಯ ನಿರ್ವಾತವಿದ್ದರೂ ಒಂದಿಷ್ಟು ಶಾಖ ಒಳಗೆ ಇಳಿಯುತ್ತಲೇ ಇರುತ್ತದೆ, ದ್ರವ ಕುದಿಯುತ್ತಲೇ ಇರುತ್ತದೆ. ಒಂದು ಲೀಟರ್ ದ್ರವ ಕೋಣೆಯ ತಾಪಕ್ಕೆ ಬಂದರೆ ಸುಮಾರು 700 ಲೀಟರ್ ಅನಿಲ. ಆದ್ದರಿಂದ ಸಿಲಿಂಡರ್ ಆಗಾಗ 'ಸುಸ್' ಎನ್ನುತ್ತದೆ. ರಾತ್ರಿ ಕೂತು ಕೆಲಸ ಮಾಡುವವರಿಗೆ ಆ ಸದ್ದು ಕಿರಿಕಿರಿ. ಕೊಂಡ ಮಾಲು ಸೋರಿಹೋಗುತ್ತಿದೆ ಎಂಬ ಜಿಪುಣತನವೂ ಸೇರಿಕೊಳ್ಳುತ್ತದೆ. ಗೊತ್ತಿಲ್ಲದವನಿಗೆ ಅದು ರಿಪೇರಿ ಮಾಡಬೇಕಾದ ಸೋರಿಕೆಯಂತೆ ಕಾಣುತ್ತದೆ. ಪಾತ್ರೆಗೆ ಅದೇ ಉಸಿರಾಟ. ಸದ್ದು ಮಾಡುವ ಸಿಲಿಂಡರ್ ಅಂಜಬೇಕಾದುದಲ್ಲ. ತುಂಬಿಸಿ ದಿನಗಟ್ಟಲೆ ಒಮ್ಮೆಯೂ ಸುಸ್ ಎನ್ನದ ಸಿಲಿಂಡರಿನ ಒತ್ತಡದ ಮುಳ್ಳನ್ನು ಹೋಗಿ ನೋಡಬೇಕು.

ನಮ್ಮಲ್ಲೂ 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಅನಿಲ ಸಿಲಿಂಡರ್ ಸಿಡಿದು ಯುವ ಸಂಶೋಧಕರೊಬ್ಬರು ತೀರಿಕೊಂಡರು, ಮೂವರು ಗಾಯಗೊಂಡರು. ಅದು ಕ್ರಯೋಜೆನಿಕ್ ಪ್ರಕರಣವಲ್ಲ, ಆದರೆ ಒತ್ತಡದಲ್ಲಿಟ್ಟ ಅನಿಲ ಪ್ರಯೋಗಾಲಯದೊಳಗೆ ಏನು ಮಾಡಬಲ್ಲದು ಎಂಬುದು ಬೆಂಗಳೂರಿಗೆ ಅಂದು ದೂರದ ಸುದ್ದಿಯಾಗಿ ಉಳಿಯಲಿಲ್ಲ.

ಊರಿನ ನಡುವೆ ಇಂಥದ್ದನ್ನು ಇಟ್ಟುಕೊಳ್ಳಬಹುದೇ ಎಂಬ ಜಗಳಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಹಾಲೆಂಡಿನ ಲೈಡನ್ ಪಟ್ಟಣದಲ್ಲಿ 1807ರಲ್ಲಿ ಮದ್ದಿನ ಪುಡಿ ತುಂಬಿದ ಹಡಗು ಕಾಲುವೆಯಲ್ಲೇ ಸಿಡಿದು ನೂರೈವತ್ತರಷ್ಟು ಜನ ಸತ್ತಿದ್ದರು. ಹಾಗೆ ನೆಲಸಮವಾದ ಜಾಗದಲ್ಲೇ ಮುಂದೆ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಯೋಗಾಲಯ ಎದ್ದಿತು. 1895ರಲ್ಲಿ ಭೌತವಿಜ್ಞಾನಿ ಹೈಕೆ ಕ್ಯಾಮರ್‌ಲಿಂಗ್ ಓನ್ಸ್ ಅಲ್ಲಿ ಒತ್ತಿದ ಅನಿಲಗಳನ್ನು ಇಟ್ಟುಕೊಂಡಿದ್ದಾರೆಂದು ತಿಳಿದ ಪುರಸಭೆಗೆ ಹಳೆಯ ಹಡಗು ನೆನಪಾಗದೆ ಇರುತ್ತದೆಯೇ? ಕೆಲಸ ನಿಂತಿತು, ಸಮಿತಿ ಕೂತಿತು. ನಿರ್ವಾತ ಪಾತ್ರೆಯನ್ನು ಕಂಡುಹಿಡಿದ ಜೇಮ್ಸ್ ಡ್ಯೂಯರ್ ಅನಿಲಗಳನ್ನು ದ್ರವ ಮಾಡುವ ಅದೇ ಕಣದ ಪೈಪೋಟಿದಾರ. ಆದರೂ ಓನ್ಸ್ ಪರವಾಗಿ ಪತ್ರ ಬರೆದರು. ಅನುಮತಿ ಸಿಗುವ ಹೊತ್ತಿಗೆ 1898 ಬಂದಿತ್ತು. ಆ ವರ್ಷವೇ ಡ್ಯೂಯರ್ ಲಂಡನ್ನಿನಲ್ಲಿ ಹೈಡ್ರೊಜನ್ನನ್ನು ದ್ರವ ಮಾಡಿ ಗೆದ್ದಾಗಿತ್ತು. ಓನ್ಸ್ ಸೇಡು ತೀರಿಸಿಕೊಂಡದ್ದು 1908ರ ಜುಲೈ 10ರಂದು, ಹೀಲಿಯಂ ಅನ್ನು ಮೊದಲ ಬಾರಿಗೆ ದ್ರವ ಮಾಡಿ. ಪುರಸಭೆಯವರನ್ನು ವಿಜ್ಞಾನದ ವಿರೋಧಿಗಳೆಂದು ನಗುವುದು ಸುಲಭ. ಅವರ ಅಂಜಿಕೆಯಲ್ಲಿ ತಿರುಳಿತ್ತು ಎಂದೇ ನನಗನ್ನಿಸುತ್ತದೆ. ಇವತ್ತು ನಮ್ಮಲ್ಲಿ ಆ ಅಂಜಿಕೆಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿದೆ. ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಸಾವಿರ ಲೀಟರ್ ಮೀರಿದ ಒತ್ತಡದ ಟ್ಯಾಂಕ್ ಇಡಬೇಕಾದರೆ ಅದರ ಪರವಾನಗಿ ಬೇಕು. ಅದಕ್ಕಿಂತ ಚಿಕ್ಕ ಡ್ಯೂಯರ್‌ಗೆ ಸಂಸ್ಥೆಯೇ ಪೆಸೊ, ಸಂಸ್ಥೆಯೇ ಪುರಸಭೆ.

ಚಳಿಯಿಂದಾಗುವ ಗಾಯವನ್ನು ಎಲ್ಲರೂ ಊಹಿಸಬಲ್ಲರು. ಒಂದೆರಡು ಹನಿ ಅಂಗೈ ಮೇಲೆ ಬಿದ್ದರೆ ಆವಿಯ ಪೊರೆಯ ಮೇಲೆ ಉರುಳಿಹೋಗುತ್ತದೆ, ಕೆಲವರು ಇದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದೂ ಉಂಟು. ಅದೇ ದ್ರವ ಬೂಟಿನೊಳಗೆ, ಶರ್ಟಿನ ತೋಳಿನೊಳಗೆ, ಬಿಗಿಯಾದ ಕೈಗವಸಿನೊಳಗೆ ಸಿಕ್ಕಿಕೊಂಡರೆ ಮಾಂಸ ಬೇಯಿಸಿದಂತಾಗುತ್ತದೆ. ಅದಕ್ಕೇ ಕೈಗವಸು ಸಡಿಲವಾಗಿರಬೇಕು, ಕೊಡವಿದರೆ ಕಳಚುವಷ್ಟು. ಪ್ಯಾಂಟ್ ಬೂಟಿನ ಮೇಲೆ ಇಳಿಬಿದ್ದಿರಬೇಕು. ಬಳೆ, ಉಂಗುರ, ಗಡಿಯಾರ ತೆಗೆದಿಡಬೇಕು. ಮುಖಕ್ಕೆ ಪಾರದರ್ಶಕ ಕವಚ. ಗಾಯವಾದರೆ ಉಜ್ಜಬಾರದು, ಅಂಟಿದ ಬಟ್ಟೆ ಕೀಳಬಾರದು. ಉಗುರು ಬೆಚ್ಚಗಿನ ನೀರು ಹಾಕುತ್ತ ವೈದ್ಯರ ಬಳಿಗೆ ಹೋಗಬೇಕು. ಇಷ್ಟು ಗೋಡೆಯ ಮೇಲಿನ ಫಲಕದಲ್ಲಿ ಇದ್ದೇ ಇರುತ್ತದೆ.

ಫಲಕದಲ್ಲಿ ಬರೆದರೂ ಮನಸ್ಸಿಗಿಳಿಯದ ವಿಷಯ ಉಸಿರು ಕಟ್ಟುವುದು. ನೀರಲ್ಲಿ ಮುಳುಗಿದಾಗ ಎದೆ ಒಡೆಯುವಂತಾಗುವುದು ಆಮ್ಲಜನಕದ ಕೊರತೆಯಿಂದಲ್ಲ. ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಹೆಚ್ಚಾದದ್ದನ್ನು ಮೆದುಳು ಗುರುತಿಸಿ ಎಬ್ಬಿಸುವ ಗಾಬರಿ ಅದು. ಸಾರಜನಕ ತುಂಬಿದ ಕೋಣೆಯಲ್ಲಿ ಉಸಿರು ಎಂದಿನಂತೆ ಒಳಗೆ ಹೊರಗೆ ಆಡುತ್ತಿರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇರುತ್ತದೆ, ಗಾಬರಿಯ ಗಂಟೆ ಬಾರಿಸುವುದೇ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಇರುತ್ತದೆ. 19.5ಕ್ಕೆ ಇಳಿದಾಗ ಅಳತೆಯ ಯಂತ್ರ ಕೂಗಬೇಕು. 16ರ ಆಸುಪಾಸಿಗೆ ಯೋಚನೆ ಮಂಕಾಗುತ್ತದೆ. ಹೊರಗೆ ಹೋಗಬೇಕೆಂಬ ಬುದ್ಧಿ ಕೆಲಸ ಮಾಡಬೇಕಾದದ್ದು ಆಗಲೇ, ಕೈಕೊಡುವುದೂ ಆಗಲೇ. 10ಕ್ಕಿಂತ ಕೆಳಗಾದರೆ ಪ್ರಜ್ಞೆ ತಪ್ಪುತ್ತದೆ. 6ಕ್ಕೂ ಕಡಿಮೆಯಾದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ.

ಲೆಕ್ಕ ಹಾಕಿ ನೋಡಿ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 48,000 ಲೀಟರ್ ಗಾಳಿ ಹಿಡಿಯುತ್ತದೆ. ಸಾಧಾರಣ 25 ಲೀಟರಿನ ಒಂದು ಡ್ಯೂಯರ್ ಉರುಳಿಬಿದ್ದರೆ 17,000 ಲೀಟರಿಗೂ ಹೆಚ್ಚು ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ್ದರೆ ಆಮ್ಲಜನಕ ನೂರಕ್ಕೆ 13ರ ಆಸುಪಾಸಿಗೆ ಬರುತ್ತದೆ. ಏಸಿಯಿದೆ, ತಂಪಾಗಿದೆ ಎಂದು ಕಿಟಕಿಗಳಿಗೆ ಟೇಪ್ ಅಂಟಿಸಿದ ಕೋಣೆಗಳನ್ನು ನಾನು ನೋಡಿದ್ದೇನೆ. ಏಸಿ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ ಎಂದು ಅಲ್ಲಿನವರಿಗೆ ಯಾರೂ ಹೇಳಿದಂತಿರಲಿಲ್ಲ. ಲಿಫ್ಟಿನ ಲೆಕ್ಕ ಇನ್ನೂ ಭಯಂಕರ. ಐದು ಸಾವಿರ ಲೀಟರ್ ಗಾಳಿ ಹಿಡಿಯುವ ಲಿಫ್ಟಿಗೆ ಹತ್ತು ಲೀಟರ್ ದ್ರವ ಚೆಲ್ಲಿದರೆ ಸಾಕು, ಅದರ ಇಡೀ ಗಾಳಿಗಿಂತ ಹೆಚ್ಚು ಸಾರಜನಕ. ಹಾಗಾಗಿ ಡ್ಯೂಯರ್ ಲಿಫ್ಟಿನಲ್ಲಿ ಒಂಟಿಯಾಗಿ ಹೋಗಬೇಕು: ಕೆಳಗೊಬ್ಬರು ಒಳಗಿಟ್ಟು ಗುಂಡಿ ಒತ್ತುವುದು, ಮೇಲೊಬ್ಬರು ಕಾದು ತೆಗೆದುಕೊಳ್ಳುವುದು, ನಡುವಿನ ಮಹಡಿಯವರು ಹತ್ತದಂತೆ ಅಡ್ಡ ಸರಪಳಿ, ಬರಹ. ನಿಯಮಗಳಲ್ಲೆಲ್ಲ ಅತಿ ಹೆಚ್ಚು ಮುರಿಯುವುದು ಇದನ್ನೇ ಇರಬೇಕು, ಯಾಕೆಂದರೆ ಇದಕ್ಕೆ ಇಬ್ಬರು ಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರು ಎಲ್ಲಿ ಸಿಗುತ್ತಾರೆ?

ಇಂಥದ್ದರಲ್ಲಿ ಸಾವು ಒಂದಕ್ಕೇ ನಿಲ್ಲುವುದಿಲ್ಲ. 2021ರ ಜನವರಿ 28ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಶೀತಲ ಯಂತ್ರದಿಂದ ದ್ರವ ಸಾರಜನಕ ಉಕ್ಕಿ ಹರಿಯಿತು. ಮಟ್ಟ ಅಳೆಯುವ ಒಂದು ಕೊಳವೆ ಬಾಗಿತ್ತು, ಅಷ್ಟೇ. ಆರು ಜನ ಸತ್ತರು. ಏನಾಯಿತೆಂದು ನೋಡಲು, ಬಿದ್ದವರನ್ನು ಎತ್ತಲು ಒಳಗೆ ನುಗ್ಗಿದವರೂ ಸತ್ತವರಲ್ಲಿ ಇದ್ದರು. ಬಿದ್ದವರನ್ನು ಕಂಡರೆ ಓಡಿಹೋಗಿ ಎಳೆದು ತರಬೇಕೆನ್ನುವುದು ಮನುಷ್ಯ ಸ್ವಭಾವ. ಬಾಗಿಲ ಹೊರಗೇ ನಿಂತು ಕೂಗು, ಬಾಗಿಲು ಕಿಟಕಿ ತೆರೆ, ಉಸಿರಾಟದ ಸಿಲಿಂಡರ್ ಹೊತ್ತವರು ಬರುವವರೆಗೆ ಒಳಗೆ ಕಾಲಿಡಬೇಡ ಎಂದು ಕಲಿಸುವುದು ಆ ಸ್ವಭಾವಕ್ಕೇ ವಿರುದ್ಧವಾದ ಪಾಠ. ಒಂದು ಸಲ ಹೇಳಿದರೆ ಹತ್ತುವುದಿಲ್ಲ. ಆಮ್ಲಜನಕ ಅಳೆಯುವ ಯಂತ್ರದ ಪರದೆ ಕೋಣೆಯ ಹೊರಗೂ ಕಾಣುವಂತಿರಬೇಕು ಎನ್ನುವುದು ಇದಕ್ಕೇ. ಆ ಯಂತ್ರಕ್ಕೂ ಆಯುಷ್ಯವಿದೆ. ಒಳಗಿನ ರಾಸಾಯನಿಕ ಕೋಶ ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಹಂಚಿಕೊಂಡ ಪ್ರಯೋಗಾಲಯದಲ್ಲಿ ಅದನ್ನು ಬದಲಿಸುವ ಖರ್ಚು ಯಾರ ಪ್ರಾಜೆಕ್ಟಿನದು ಎಂಬ ಪತ್ರವ್ಯವಹಾರ ಕೆಲವೊಮ್ಮೆ ಆ ಕೋಶಕ್ಕಿಂತ ಹೆಚ್ಚು ಬಾಳುತ್ತದೆ.

ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಇದಕ್ಕಿಂತ ಸೌಮ್ಯ ಎಂಬ ನಂಬಿಕೆಯಿದೆ. ಮೈನಸ್ 78.5 ಡಿಗ್ರಿ, ಥರ್ಮಾಕೋಲ್ ಡಬ್ಬಿಯಲ್ಲಿ ಕೊರಿಯರ್ ಬರುತ್ತದೆ. 2020ರಲ್ಲಿ ಮಾಸ್ಕೊದ ಹುಟ್ಟುಹಬ್ಬವೊಂದರಲ್ಲಿ ಈಜುಕೊಳಕ್ಕೆ ಅದನ್ನು ಸುರಿದು ಮೂವರು ಸತ್ತರು. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಾರಿನ ಹಿಂದೆ ಇಟ್ಟಿದ್ದ ಡ್ರೈ ಐಸ್ ಪೆಟ್ಟಿಗೆಗಳಿಂದ ಒಬ್ಬ ಮಹಿಳೆ ಸತ್ತರು. ಮಾದರಿ ಕೆಡಬಾರದೆಂದು ಗಾಜು ಏರಿಸಿ ಏಸಿ ಹಾಕಿದ ಕ್ಯಾಬಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವ ವಿದ್ಯಾರ್ಥಿಗೆ ಇದನ್ನು ಹೇಳಲೇಬೇಕು. ಹಳೆಯ ಆಟೊ ಈ ಒಂದು ವಿಷಯದಲ್ಲಿ ಮೇಲು.

ರಸಾಯನವಿಜ್ಞಾನದವರ ಕಷ್ಟ ಬೇರೆ ಬಗೆಯದು. ಮೈನಸ್ 196 ಡಿಗ್ರಿ ಆಮ್ಲಜನಕದ ಕುದಿಬಿಂದುವಿಗಿಂತ 13 ಡಿಗ್ರಿ ಕೆಳಗಿದೆ. ಎಂದರೆ ಪಂಪಿನತ್ತ ಹೋಗುವ ಆವಿಯನ್ನು ಹಿಡಿಯಲು ದ್ರವ ಸಾರಜನಕದಲ್ಲಿ ಅದ್ದಿದ ಗಾಜಿನ ಬಲೆಯೊಳಗೆ ಹೊರಗಿನ ಗಾಳಿ ನುಸುಳಿದರೆ ಅದರ ಆಮ್ಲಜನಕ ಅಲ್ಲೇ ದ್ರವವಾಗಿ ಕೂಡುತ್ತದೆ. ಬಲೆಯಲ್ಲಿ ಆಗಲೇ ಈಥರ್, ಟೊಲ್ವೀನ್‌ನಂಥ ದ್ರಾವಕ ಹೆಪ್ಪುಗಟ್ಟಿರುತ್ತದೆ. ಎರಡೂ ಸೇರಿದರೆ ಕೈಯಲ್ಲಿ ಹಿಡಿದದ್ದು ಬಾಂಬು. ಪಂಪು ಆರಿಸುವ ಮೊದಲು ಬಲೆಯನ್ನು ಸಾರಜನಕದಿಂದ ಹೊರತೆಗೆಯಬೇಕು ಎಂಬ ಕ್ರಮ ಅದಕ್ಕಾಗಿ. ಬಲೆಯ ತಳದಲ್ಲಿ ತಿಳಿ ನೀಲಿ ದ್ರವ ಕಂಡರೆ, ಅದು ಎಷ್ಟೇ ಚಂದವಿದ್ದರೂ, ಮುಟ್ಟದೆ, ಸಾರಜನಕವನ್ನು ತೆಗೆಯದೆ, ಎಲ್ಲರನ್ನೂ ಹೊರಗೆ ಕಳಿಸಿ ತಿಳಿದವರನ್ನು ಕರೆಯಬೇಕು. ರಾತ್ರಿ ಪಾಳಿಯಲ್ಲಿ ಬಲೆ ಹಾಕಿ ಮನೆಗೆ ಹೋದವನೊಬ್ಬ, ಬೆಳಿಗ್ಗೆ ಪಂಪು ಆರಿಸುವವನು ಇನ್ನೊಬ್ಬ. ಅಪರಿಚಿತ ಮತ್ತೆ ಬಂದ.

ಇನ್ನು ಹೀಲಿಯಂ. ಇದರ ಕಥೆಗೂ ನಮ್ಮ ಪಕ್ಕದ ಗುಂಟೂರಿಗೂ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳವಿಜ್ಞಾನಿ ಪಿಯೆರ್ ಜಾನ್ಸನ್ ಗುಂಟೂರಿನಿಂದ ನೋಡಿದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಗುರುತಿಗೆ ಬಂದ ಹಳದಿ ಗೆರೆ ಯಾವ ತಿಳಿದ ಧಾತುವಿಗೂ ಹೊಂದದೆ ಹೋದದ್ದರಿಂದ ಹೀಲಿಯಂ ಹೆಸರು ಪಡೆಯಿತು. ಭೂಮಿಯ ಮೇಲೆ ಅದು ಸಿಗುವುದು ನೆಲದಾಳದ ನೈಸರ್ಗಿಕ ಅನಿಲದ ಜೊತೆ. ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರ ಬುಗ್ಗೆಗಳಲ್ಲಿ ಸ್ವಲ್ಪ ಹೊಮ್ಮುತ್ತದೆ ಎಂಬುದನ್ನು ಬಿಟ್ಟರೆ ನಾವು ಹೊರದೇಶಗಳನ್ನೇ ನಂಬಿದ್ದೇವೆ. 2017ರಲ್ಲಿ ನೆರೆಯ ದೇಶಗಳು ಕತಾರಿಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ಸ್ವಲ್ಪ ಕಾಲ ನಿಂತವು, ಜಗತ್ತಿನ ಪ್ರಯೋಗಾಲಯಗಳೆಲ್ಲ ತಮ್ಮ ಡ್ಯೂಯರ್ ಕಡೆ ನೋಡಿಕೊಂಡವು. ಸಾರಜನಕಕ್ಕಿಂತ ಹತ್ತಾರು ಪಟ್ಟು ದುಬಾರಿ, ಸಾಲದ್ದಕ್ಕೆ ಒಮ್ಮೆ ಗಾಳಿಗೆ ಹೋದದ್ದು ವಾತಾವರಣ ದಾಟಿ ನಿಧಾನವಾಗಿ ಆಕಾಶ ಸೇರುತ್ತದೆ.

ಹಾಗಾಗಿ ಹೀಲಿಯಂ ದ್ರವೀಕರಿಸುವ ಸಂಸ್ಥೆಗಳು ಅದನ್ನು ಕೊಡುವುದು ಒಂದು ಬಗೆಯಲ್ಲಿ ಸಾಲವಾಗಿ. ಪ್ರಯೋಗದಲ್ಲಿ ಆವಿಯಾದ ಅನಿಲವನ್ನು ಕೊಳವೆಗಳಲ್ಲಿ, ದೊಡ್ಡ ರಬ್ಬರ್ ಚೀಲಗಳಲ್ಲಿ ಹಿಡಿದು ಹಿಂದಿರುಗಿಸಬೇಕು. ಅಲ್ಲಿ ಮತ್ತೆ ಶುದ್ಧಮಾಡಿ, ಒತ್ತಿ, ದ್ರವ ಮಾಡುತ್ತಾರೆ. ಒಂದು ಪ್ರಯೋಗಾಲಯದವರು ಕವಾಟ ಸರಿಯಾಗಿ ಮುಚ್ಚದೆ ಗಾಳಿ ಸೇರಿಸಿದರೆ ಇಡೀ ಸಂಸ್ಥೆಯ ಹೀಲಿಯಂ ಹೊಲಸಾಗುತ್ತದೆ. ಹೀಲಿಯಂ ತುಂಬುವ ದಿನ ಮಾತು ಕಡಿಮೆ, ಕೆಲಸ ನಿಧಾನ. ಒಂದು ಲೀಟರ್ ದ್ರವ ಸಾರಜನಕ ಹೀರುವ ಶಾಖದ 60ನೇ ಒಂದು ಪಾಲು ಸಾಕು, ಒಂದು ಲೀಟರ್ ದ್ರವ ಹೀಲಿಯಂ ಪೂರ್ತಿ ಹಾರಿಹೋಗಲು. ಅದಕ್ಕೆ ಯಂತ್ರವನ್ನು ಮೊದಲು ಸಾರಜನಕದಿಂದ ತಣಿಸಿ, ಆ ಸಾರಜನಕದ ಕೊನೆಯ ಹನಿಯನ್ನೂ ಊದಿ ಹೊರಹಾಕಿ, ಆಮೇಲೆ ಹೀಲಿಯಂ ಬಿಡಬೇಕು. ಒಳಗೆ ಸಾರಜನಕ ಉಳಿದಿದ್ದರೆ ಕಲ್ಲಾಗಿ ಹೆಪ್ಪುಗಟ್ಟುತ್ತದೆ.

ಡ್ಯೂಯರಿನಲ್ಲಿ ಎಷ್ಟು ಹೀಲಿಯಂ ಉಳಿದಿದೆ ಎಂದು ನೋಡುವ ಹಳೆಯ ಉಪಾಯವೊಂದಿದೆ, ನನಗೆ ಬಹಳ ಇಷ್ಟವಾದದ್ದು. ತೆಳುವಾದ ಉದ್ದ ಕೊಳವೆಯ ಮೇಲ್ತುದಿಗೆ ರಬ್ಬರ್ ಹಾಳೆ ಬಿಗಿದು ಕತ್ತಿನೊಳಗೆ ಇಳಿಸುತ್ತಾರೆ. ಮೇಲಿನ ಬಿಸಿಗೂ ಕೆಳಗಿನ ಚಳಿಗೂ ನಡುವೆ ಸಿಕ್ಕ ಅನಿಲ ತನ್ನಷ್ಟಕ್ಕೆ ತಾನೇ ತುಯ್ದಾಡತೊಡಗಿ ರಬ್ಬರ್ ಹಾಳೆ ಮಿಡಿಯುತ್ತದೆ. ತುದಿ ದ್ರವದೊಳಗಿದ್ದಾಗ ಮಿಡಿತ ನಿಧಾನ. ಮೇಲಕ್ಕೆತ್ತಿ ದ್ರವದಿಂದ ಹೊರಬಂದ ತಕ್ಷಣ ಚುರುಕು. ಹೆಬ್ಬೆರಳ ಕೆಳಗೆ ಬದಲಾವಣೆ ಗೊತ್ತಾಗುವ ಜಾಗವನ್ನು ಗುರುತಿಸಿಕೊಂಡು ಸ್ಕೇಲಿನಲ್ಲಿ ಅಳೆಯುವುದು. ಅನುಭವಿ ತಂತ್ರಜ್ಞರು ಮಾತನಾಡುತ್ತಲೇ ಇದನ್ನು ಮಾಡಿಬಿಡುತ್ತಾರೆ. ಆದರೆ ಅದೇ ಕತ್ತನ್ನು ಯಾರಾದರೂ ತೆರೆದಿಟ್ಟು ಹೋದರೆ, ಒಳನುಗ್ಗಿದ ಗಾಳಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ, ಹೀಲಿಯಂ ಬಿಟ್ಟು ಬೇರೆಲ್ಲ ಗಟ್ಟಿಯೇ. ಒಳಗಿನ ದ್ರವ ಕುದಿಯುತ್ತಿರುತ್ತದೆ, ಹೊರಗೆ ದಾರಿಯಿಲ್ಲ. ಕೊಳವೆ ಇಳಿಸುವಾಗ ಕತ್ತಿನಲ್ಲಿ ತಡೆದಂತಾದರೆ ಒತ್ತಿ ನೂಕುವುದನ್ನು ಬಿಟ್ಟು, ಕೋಣೆ ಖಾಲಿ ಮಾಡಿಸಿ, ಹೀಲಿಯಂ ಕೇಂದ್ರದವರನ್ನು ಕರೆಯಬೇಕಾದದ್ದು ಆಗ.

ಜೀವವಿಜ್ಞಾನದ ಶೇಖರಣಾ ಕೋಣೆಯಲ್ಲಿ ಅಪಾಯ ಮನುಷ್ಯರಿಗಷ್ಟೇ ಅಲ್ಲ, ಮಾದರಿಗಳಿಗೂ. ಚಿಕ್ಕ ಪ್ಲಾಸ್ಟಿಕ್ ವಯಲ್‌ಗಳನ್ನು ದ್ರವದೊಳಗೇ ಮುಳುಗಿಸಿಟ್ಟರೆ ತಿರುಪಿನ ಸಂದಿಯಿಂದ ಸಾರಜನಕ ಒಳಸೇರಿ, ಹೊರಗೆ ತೆಗೆದು ಬಿಸಿಯಾದ ಕೂಡಲೇ ಪಟ್ಟನೆ ಸಿಡಿಯುತ್ತವೆ. ವಯಲ್ ತೆಗೆಯುವವರು ಮುಖಕವಚ ಹಾಕಿಕೊಳ್ಳಲು ಇದೊಂದು ಕಾರಣ ಸಾಕು. ದ್ರವದ ಮೇಲಿನ ಆವಿಯಲ್ಲಿ ಇಡುವುದು ಲೇಸು, ಇನ್ನೊಂದು ಕಾರಣಕ್ಕೂ: 1990ರ ದಶಕದಲ್ಲಿ ಲಂಡನ್ನಿನಲ್ಲಿ ಹಲವು ರೋಗಿಗಳ ಅಸ್ಥಿಮಜ್ಜೆ ಇಟ್ಟಿದ್ದ ಟ್ಯಾಂಕಿನಲ್ಲಿ ಒಂದು ಚೀಲ ಸೋರಿ, ಹೆಪಟೈಟಿಸ್ ಬಿ ವೈರಾಣು ದ್ರವ ಸಾರಜನಕದ ಮೂಲಕವೇ ಇತರರ ಚೀಲಗಳಿಗೆ ದಾಟಿತು. ಚಳಿ ಕೊಲ್ಲುವುದಿಲ್ಲ, ಕಾಪಾಡುತ್ತದೆ, ರೋಗವನ್ನೂ.

2018ರ ಮಾರ್ಚ್ 4ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಫಲವತ್ತತೆ ಕೇಂದ್ರದ ಟ್ಯಾಂಕ್ ಬೆಚ್ಚಗಾಗಿ 4,000ಕ್ಕೂ ಹೆಚ್ಚು ಅಂಡಾಣು, ಭ್ರೂಣಗಳು ಹಾಳಾದವು. ದೂರದಲ್ಲಿರುವ ಸಿಬ್ಬಂದಿಗೆ ಸುದ್ದಿ ಮುಟ್ಟಿಸಬೇಕಿದ್ದ ಎಚ್ಚರಿಕೆ ಗಂಟೆಯನ್ನು ಆರಿಸಿಡಲಾಗಿತ್ತು. ಅದೇ ದಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಟ್ಯಾಂಕೂ ಕೈಕೊಟ್ಟಿತು. ನಮ್ಮ ಪ್ರಯೋಗಾಲಯಗಳಲ್ಲಿ ಇಷ್ಟು ದೊಡ್ಡದು ಆಗದಿರಬಹುದು, ಆದರೆ ಹೆಸರು ಅಳಿಸಿದ ವಯಲ್‌ಗಳು ಎಲ್ಲ ಕಡೆ ಇವೆ. ಹತ್ತು ವರ್ಷದ ಹಿಂದೆ ಹೋದ ವಿದ್ಯಾರ್ಥಿಯ ಕೈಬರಹ, ಮೂರು ಅಕ್ಷರ, ಒಂದು ದಿನಾಂಕ. ಎಸೆಯಲು ಧೈರ್ಯವಿಲ್ಲ, ಇಡಲು ಕಾರಣವಿಲ್ಲ. ಅದಕ್ಕಾಗಿ ವಾರವಾರವೂ ಸಾರಜನಕ ಸುರಿಯುತ್ತಾರೆ.

ಇದಕ್ಕೆಲ್ಲ ಇರುವ ಮದ್ದು ಒಂದು ಸಾದಾ ಪುಸ್ತಕ. ದಿನಾಂಕ, ಎಷ್ಟು ಲೀಟರ್, ಯಾರು, ಮುಚ್ಚಳ ಕವಾಟ ನೋಡಿದಿರಾ. ಒಂದು ಡ್ಯೂಯರ್ ಎಂದಿಗಿಂತ ಬೇಗ ಖಾಲಿಯಾಗುತ್ತಿದೆ ಎಂದರೆ ಅದರ ನಿರ್ವಾತ ಹೋಗುತ್ತಿದೆ. ಹೊರಮೈ ಬೆವರಿದರೆ, ಹಿಮ ಕಟ್ಟಿದರೆ ಹೋಗಿಯೇ ಆಯಿತು. ಯಾವ ಒಬ್ಬ ಬಳಕೆದಾರನಿಗೂ ಇದು ತಿಳಿಯುವುದಿಲ್ಲ, ಆರು ತಿಂಗಳ ಸಾಲುಗಳನ್ನು ಒಟ್ಟಿಗೆ ಓದಿದವರಿಗೆ ತಿಳಿಯುತ್ತದೆ. ಪುಸ್ತಕವನ್ನು ಓದುವವರು ಒಬ್ಬರಿರಬೇಕು, ಅದಕ್ಕೆ ಸಂಬಳ ಪಡೆಯುವವರು. ಹಲವು ಸಂಸ್ಥೆಗಳಲ್ಲಿ ಆ ಒಬ್ಬರು ನಿವೃತ್ತಿಯ ಅಂಚಿನ ತಂತ್ರಜ್ಞರು. ಅವರ ಜಾಗಕ್ಕೆ ಬರುವವರು ಗುತ್ತಿಗೆ ನೌಕರರು, ಅವರೂ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಯಂತ್ರಕ್ಕೆ ಕೋಟಿಗಟ್ಟಲೆ ಅನುದಾನ ಸಿಗುವ ದೇಶದಲ್ಲಿ ಡ್ಯೂಯರ್ ನೋಡಿಕೊಳ್ಳುವವನ ಹುದ್ದೆಗೆ ಅನುದಾನ ಕೇಳುವುದು ಯಾಕೋ ನಾಚಿಕೆಯ ಸಂಗತಿಯಾಗಿದೆ.

 

ಹೀಲಿಯಂ ಅಭಾವದ ನಂತರ ಹೊಸ ಪ್ರಯೋಗಾಲಯಗಳು ದ್ರವವೇ ಬೇಡದ ಯಂತ್ರಗಳತ್ತ ವಾಲುತ್ತಿವೆ. ಮುಚ್ಚಿದ ಸುತ್ತಿನಲ್ಲಿ ಸ್ವಲ್ಪವೇ ಹೀಲಿಯಂ ಅನಿಲವನ್ನು ಒತ್ತುತ್ತ ಸಡಿಲಿಸುತ್ತ ನಾಲ್ಕು ಕೆಲ್ವಿನ್‌ಗೆ ತಣಿಸುವ ಕ್ರಯೋಕೂಲರ್ ಇವುಗಳ ಹೃದಯ. ಡ್ಯೂಯರ್ ಹೊರುವುದಿಲ್ಲ, ಇಂಡೆಂಟ್ ಬರೆಯುವುದಿಲ್ಲ, ಕೊಳವೆ ಇಳಿಸುವುದಿಲ್ಲ. ಆದರೆ ಕಂಪ್ರೆಸರ್ ಹಗಲಿರುಳು ಓಡಬೇಕು, ಅದಕ್ಕೆ ತಣ್ಣೀರು ನಿಲ್ಲದೆ ಹರಿಯಬೇಕು. ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಸೋತರೆ ಜನರೇಟರ್, ಜನರೇಟರಿಗೆ ಡೀಸೆಲ್. ಬೇಸಿಗೆಯಲ್ಲಿ ಚಿಲ್ಲರ್ ಕೆಟ್ಟು ತಿಂಗಳ ಪ್ರಯೋಗ ಒಂದು ರಾತ್ರಿಯಲ್ಲಿ ಬೆಚ್ಚಗಾದರೆ, ಮರುದಿನ ಬೆಳಿಗ್ಗೆ ನಾಲ್ಕೂ ಗುಂಪಿನವರು ಸೇರಿ ಕೇಳುವ ಮೊದಲ ಪ್ರಶ್ನೆ: ನಿನ್ನೆ ಕೊನೆಗೆ ಬೀಗ ಹಾಕಿದ್ದು ಯಾರು?